ಪಾಲಿಗೆ ಬಂದ ಎರಡು ಟೈರು

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ ಹಂಚಿಕೊಳ್ಳುತ್ತಾರೆ, ದನ ಹಂಚಿಕೊಳ್ಳುತ್ತಾರೆ, ಅಟ್ಟದ ಮೇಲಿನ ತಪ್ಪಲೆ ಕೊಳಗ ಹಂಚಿಕೊಳ್ಳುತ್ತಾರೆ. ಓಡುವ ಜೀಪಿಗೆ ಜಾಕು ಕೊಟ್ಟು, ಟೈರು ಬಿಚ್ಚಿ, ಎರಡೆರಡು ಹಂಚಿಕೊಂಡವರನ್ನು ಹರವೆಯ ಜನ ನೋಡಿದ್ದು ಮರಿಯಪ್ಪನ ಮಕ್ಕಳು ಪಾಲಾದ ದಿನವೇ. ಊರಿನವರು ಅವತ್ತು ನಕ್ಕರು. ನಗುವಂಥದ್ದು ಅದರಲ್ಲೇನೂ ಇರಲಿಲ್ಲ.

ಹಿರಿಯವನು ಮಾದಣ್ಣ, ಕಿರಿಯವನು ರಾಜಣ್ಣ. ಜೀಪು ಅವರಪ್ಪ ಮರಿಯಪ್ಪ ಕರಿಕಲ್ಲಿನ ಕ್ವಾರಿಯೊಂದರ ಹರಾಜಿನಲ್ಲಿ ಹಿಡಿದು ತಂದದ್ದು. ಮೀಸೆ ಚಿಗುರಿದಾಗಿನಿಂದ ಅದರ ಸ್ಟೇರಿಂಗು ಮಾದಣ್ಣನ ಕೈಯಲ್ಲಿ, ನೇಗಿಲು ರಾಜಣ್ಣನ ಕೈಯಲ್ಲಿ. ಅಪ್ಪ ಸತ್ತ ಮೇಲೆ ಕೈಗಳು ಒಂದನ್ನೊಂದು ದೂರತೊಡಗಿದವು. ಜೀಪು ತಿನ್ನುವುದೇ ಜಾಸ್ತಿ ಅಂತ ತಮ್ಮ, ಜೀಪು ಹೊರದಿದ್ದರೆ ನಿನ್ನ ಅರಿಶಿನ ಹೊಲದಲ್ಲೇ ಕೊಳೆಯುತ್ತಿತ್ತು ಅಂತ ಅಣ್ಣ. ಇಂಥ ಜಗಳಕ್ಕೆ ಹೆಂಗಸರ ಹೆಸರು ಹಚ್ಚುವುದು ಸುಲಭ. ಇಲ್ಲಿ ಹಾಗಿರಲಿಲ್ಲ, ಕಚ್ಚಾಡಿದ್ದು ಗಂಡಸರೇ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಪಾಲಿನ ದಿನ ಜೀಪು ಮಾದಣ್ಣನಿಗೆ ಬಂತು, ಎತ್ತು ಗಾಡಿ ರಾಜಣ್ಣನಿಗೆ ಹೋದವು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಜೀಪಿನ ನಾಲ್ಕು ಟೈರೂ ಹೊಸವು, ಮೈತುಂಬ ಗಂಟುಗಂಟಾಗಿ ಗುಬ್ಬಿ ಎದ್ದ ಕೆಸರು ಟೈರುಗಳು. ಆ ವರ್ಷದ ಅರಿಶಿನ ಮಾರಿ ಕೊಂಡದ್ದು, ಆ ಅರಿಶಿನ ಬೆಳೆದವನು ತಾನು ಅಂತ ರಾಜಣ್ಣ ಪಟ್ಟು ಹಿಡಿದ. ಪಂಚಾಯ್ತಿಗೆ ಕೂತಿದ್ದ ಪುಟ್ಟಬಸಪ್ಪನಿಗೆ ಆಗಲೇ ಹಸಿವಾಗಿತ್ತು ಅಂತ ಕಾಣುತ್ತದೆ.

"ನಾಕವ, ಎರಡೆರಡು ತಕ್ಕಳಿ. ಪಾಲಿಗ ಬಂದದ್ದೇ ಪಂಚಾಮೃತ" ಅಂದುಬಿಟ್ಟ.

ರಾಜಣ್ಣನ ಗಾಡಿ ಟೈರುಗಾಡಿ. ಅದರ ರಿಮ್ಮು ಕೂಡ ಹಳೇ ಜೀಪಿನದೇ. ಜೀಪಿನ ಹಿಂದಿನ ಎರಡು ಟೈರು ಬಿಚ್ಚಿಸಿಕೊಂಡು ಅದಕ್ಕೆ ಹಾಕಿಸಿಕೊಂಡ. ಕೊನೆಯಲ್ಲಿ ಅವರವ್ವ ದೊಡ್ಡಮಾದಮ್ಮನ ಮಾತು ಬಂತು. ಅವಳನ್ನೂ ಹಂಚಿದರು: ಒಂದು ತಿಂಗಳು ಹಿರಿಯವನ ಮನೆ, ಒಂದು ತಿಂಗಳು ಕಿರಿಯವನ ಮನೆ. ಅವಳು ಕಂಬಕ್ಕೆ ಒರಗಿ ಕೂತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ಎದ್ದು ಹೋಗುವಾಗ ಮಾದಣ್ಣ, ಗಾಡಿಗೆ ಜೀಪಿನ ಟೈರು ಹಾಕಿದರೆ ಎತ್ತು ಗೇರು ಹಾಕುತ್ತವಾ ಅಂತ ಚುಚ್ಚಿದ. ರಾಜಣ್ಣ ಕೂತವರೆಲ್ಲರಿಗೂ ಕೇಳುವ ಹಾಗೆ ಕೂಗಿದ.

"ನೋಡ್ತಿರಿ, ಇವತ್ತು ನಗೋನು ನಾಳ ಇದೇ ಬಾಗ್ಲಿಗ ಬಂದು ಕೈ ಒಡ್ತನ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಮಾದಣ್ಣನ ಎದೆಯಲ್ಲಿ ಕೂತಿತು. ಒಂದೇ ಅಂಗಳದ ನಡುವೆ ಗೋಡೆ ಎದ್ದಿತು, ಮಾತು ನಿಂತಿತು. ಅವ್ವ ತಿಂಗಳಿಗೊಮ್ಮೆ ತನ್ನ ಸೀರೆಗಂಟು ಹಿಡಿದು ಬೀದಿ ಸುತ್ತಿ ಈ ಬಾಗಿಲಿನಿಂದ ಆ ಬಾಗಿಲಿಗೆ ಹೋಗುತ್ತಿದ್ದಳು.

ಮಾದಣ್ಣ ದಡ್ಡನಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ದಡ್ಡನಾಗಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಟೈರಿನ ಗಾಳಿಯ ವಿಚಾರದಲ್ಲಿ ಸುತ್ತಿನ ಹಳ್ಳಿಗಳಲ್ಲಿ ಅವನನ್ನು ಕೇಳಿಯೇ ಮುಂದುವರಿಯುತ್ತಿದ್ದರು. ಹರವೆ ಸುತ್ತಿನ ಎರೆಮಣ್ಣು ಮಳೆ ಬಿದ್ದರೆ ಅಂಟು. ಅಂಥ ಹೊಲಕ್ಕೆ ಇಳಿಯುವ ಮುಂಚೆ ಅವನು ಟೈರಿನ ಮೂತಿಗೆ ಕಡ್ಡಿ ಒತ್ತಿ ಗಾಳಿ ಬಿಡುತ್ತಿದ್ದ. ಟೈರು ಅಗಲವಾಗಿ ಕೂತು ಕೆಸರನ್ನು ಅಪ್ಪಿಕೊಳ್ಳುತ್ತಿತ್ತು. ಈರುಳ್ಳಿ ಮೂಟೆ ಹೇರಿ ಟಾರು ರಸ್ತೆಗೆ ಹತ್ತಿದ ಮೇಲೆ ಮತ್ತೆ ಗಟ್ಟಿ ಗಾಳಿ. ಕಲ್ಲು ದಾರಿಗೆ ಎರಡರ ನಡುವಿನದು: ತೀರಾ ಕಮ್ಮಿಯಾದರೆ ಕಲ್ಲು ಟೈರಿನ ಪಕ್ಕ ಸೀಳುತ್ತದೆ, ತೀರಾ ಜಾಸ್ತಿಯಾದರೆ ಗಾಡಿ ಕುಪ್ಪಳಿಸುತ್ತದೆ. ಅಗಲ ಟೈರು ಹಾಕಿಸಿ ಮೆರೆಯುವವರನ್ನು ಕಂಡರೆ ಅವನಿಗೆ ನಗು. ಎರೆಮಣ್ಣು ಅಗಲ ಟೈರಿಗೆ ಮೆತ್ತಿ ಮಡ್‌ಗಾರ್ಡಿನ ಒಳಗೆ ಗಿಡಿದುಕೊಂಡರೆ ಚಕ್ರವೇ ತಿರುಗುವುದಿಲ್ಲ, ಸಣ್ಣ ಟೈರು ಕೆಸರು ಕೊಯ್ದು ಗಟ್ಟಿ ನೆಲ ಹುಡುಕಿಕೊಳ್ಳುತ್ತದೆ ಅನ್ನುತ್ತಿದ್ದ. ಹೆಬ್ಬೆರಳು ಒತ್ತಿಯೇ ಇಷ್ಟು ಪೌಂಡು ಅಂತ ಹೇಳಿಬಿಡುತ್ತಿದ್ದ.

ಪಾಲಾದ ಮೇಲೆ ಮುಂದೆ ತನ್ನ ಪಾಲಿನ ಎರಡು ಒಳ್ಳೆಯ ಟೈರು, ಹಿಂದೆ ಎರಡು ಬೋಳು ಟೈರು ಹಾಕಿಕೊಂಡು ಎರಡು ವರ್ಷ ತಳ್ಳಿದ. ಬರೀ ಸಂತೆ ಬಾಡಿಗೆ, ಮದುವೆ ಬಾಡಿಗೆ. ಎರಡು ಸಾವಿರದ ಐದರ ಮುಂಗಾರಿನಲ್ಲಿ ಅವನ ಅದೃಷ್ಟ ಬಾಗಿಲು ತಟ್ಟಿತು. ಗುಂಡ್ಲುಪೇಟೆಯಲ್ಲಿ ಒಂದು ಆಸ್ಪತ್ರೆ ಸಂಸ್ಥೆಯವರು ಕಾಡಂಚಿನ ಗಿರಿಜನರ ಹಾಡಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕಿ, ಬಸುರಿಯರನ್ನು ನೋಡಿ ಬರುತ್ತಿದ್ದರು. ಅವರಿಗೆ ವರ್ಷವಿಡೀ ನಡೆಸುವ ಜೀಪು ಬೇಕಾಗಿತ್ತು, ಓಡಿಸುವವನ ಸಮೇತ. ಉಸ್ತುವಾರಿ ನೋಡಿಕೊಳ್ಳುವ ಕುಮಾರಸ್ವಾಮಿ ಜೀಪನ್ನು ಸುತ್ತಿ ನೋಡಿ ಒಂದೇ ಮಾತು ಹೇಳಿದ.

"ಗಾಡಿ ಗಟ್ಟಿ ಇದೆ ಮಾದಣ್ಣ. ಫೋರ್‌ವೀಲು ಕೆಲಸ ಮಾಡಬೇಕು, ಟೈರು ನಾಲ್ಕೂ ಚೆನ್ನಾಗಿರಬೇಕು. ಹದಿನೈದು ದಿನ ಬಿಟ್ಟು ಬನ್ನಿ."

ಮಾದಣ್ಣ ಬಸ್ಸು ಕೊಂಡಷ್ಟು ಖುಷಿಯಲ್ಲಿ ಮನೆಗೆ ಬಂದ. ಇನ್ನು ಮೇಲೆ ಸಂತೆಯಲ್ಲಿ ನಿಂತು ಬಾಡಿಗೆ ಕೂಗಬೇಕಿಲ್ಲ, ಇನ್ನೊಬ್ಬರ ಗಾಡಿಗೆ ಕೂಲಿ ಡ್ರೈವರಾಗಬೇಕಿಲ್ಲ. ಅಪ್ಪನ ಜೀಪು ಅವನದಾಗಿಯೇ ಉಳಿಯುತ್ತದೆ. ಬೇಕಾದದ್ದು ಎರಡು ಟೈರು. ಹೊಸದು ಕೊಳ್ಳಲು ಕೈ ಖಾಲಿ. ಅದೇ ಅಂಗಡಿಯ, ಅದೇ ಅಳತೆಯ, ಸವೆಯದ ಎರಡು ಟೈರು ಗೋಡೆಯಾಚೆ ಗೊಬ್ಬರ ಹೊರುತ್ತಿದ್ದವು.

"ಓಗಿ ಕೇಳ್ಬಾರ್ದಾ?" ಅಂದಳು ಅವನ ಹೆಂಡತಿ ಮಂಚಮ್ಮ. "ಗಾಡಿಗ ಯಾವ ಟೈರಾದ್ರೂ ಓಡ್ತದ. ನಮ್ಮ ಬೋಳು ಟೈರು ಕೊಟ್ಬುಟ್ಟು ಅವ ತಕ್ಕಬನ್ನಿ. ಅವ್ವನೂ ಈಗ ಅಲ್ಲೇ ಅವಳ, ಒಂದು ಮಾತ ಏಳ್ತಳ."

"ಅವನ ಬಾಗ್ಲಿಗ ನಾನು ಕೈ ಒಡ್ಡಕ್ಕ ಓಗ್ಲಾ?"

"ಕೈ ಒಡ್ಡದೇನು ಬಂತು? ಟೈರು ಕೇಳದಲ್ವಾ?"

"ಸುಮ್ಕಿರಮ್ಮಿ ನೀನು. ಗಾಳಿ ವಿಷ್ಯ ನಂಗ ಗೊತ್ತದ."

ಮಂಚಮ್ಮ ಗಾಳಿಯ ವಿಷಯ ಎತ್ತಿರಲೇ ಇಲ್ಲ. ಮಾದಣ್ಣನ ತಲೆಯಲ್ಲಿ ಆಗಲೇ ಬೇರೆ ಉಪಾಯ ಓಡುತ್ತಿತ್ತು. ಮಂಚಮ್ಮನ ತಮ್ಮ ಚಾಮರಾಜನಗರದಲ್ಲಿ ಟೆಂಪೋ ಓಡಿಸುತ್ತಿದ್ದ. ಅವನ ಹತ್ತಿರ ಏಳು ನೂರು ಹದಿನಾರರ ಅಳತೆಯ ಎರಡು ಟೈರು ಬಿದ್ದಿದ್ದವು, ಅರ್ಧ ಗುಬ್ಬಿ ಉಳಿದವು. ಜೀಪಿಗೆ ಬರುವುದು ಆರು ನೂರು ಹದಿನಾರು. ರಿಮ್ಮಿಗೆ ಎರಡೂ ಕೂರುತ್ತವೆ. ಆದರೆ ಏಳು ನೂರರದ್ದು ಅಗಲ ಜಾಸ್ತಿ, ಎತ್ತರವೂ ಜಾಸ್ತಿ. ಮುಂದೆ ಗಿಡ್ಡ ಚಕ್ರ, ಹಿಂದೆ ಎತ್ತರದ ಚಕ್ರ ಇಟ್ಟುಕೊಂಡು ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವ ಗೇರು ಹಾಕಬಾರದು ಅಂತ ಮಾದಣ್ಣನಿಗೂ ಗೊತ್ತಿತ್ತು. ಹಾಗಾದರೆ ಎರಡನ್ನೂ ಒಂದೇ ಎತ್ತರಕ್ಕೆ ತಂದರಾಯಿತಲ್ಲ!

ತಂದೇ ಬಿಟ್ಟ. ದೊಡ್ಡ ಟೈರು ಹಿಂದಕ್ಕೆ ಹಾಕಿದ, ಮುಂದಿನ ಸಣ್ಣವಕ್ಕೆ ಗಾಳಿ ಬಿಗಿದ. ಒಂದು ಪುಂಡಿದಾರ ತಂದು ಚಕ್ರದ ನಟ್ಟ ನಡುವಿನಿಂದ ನೆಲಕ್ಕೆ ಇಳಿಬಿಟ್ಟು ಗಂಟು ಹಾಕಿದ. ಅದೇ ದಾರವನ್ನು ಹಿಂದಿನ ಚಕ್ರಕ್ಕೆ ಹಿಡಿದು, ಕಡ್ಡಿ ಒತ್ತಿ, ಗಂಟು ನೆಲ ಮುಟ್ಟುವ ತನಕ ಗಾಳಿ ಬಿಡುತ್ತಾ ಬಂದ. ಎತ್ತರ ಸಮವಾಯಿತು. ಇಡೀ ಬೆಳಗ್ಗೆ ಬಗ್ಗಿ ಕೂತು ಮಾಡಿದ ಕೆಲಸ. ಎದ್ದು ನಿಂತು ಸೊಂಟ ಹಿಡಿದುಕೊಂಡು ಗೋಡೆಯ ಕಡೆಗೊಮ್ಮೆ ನೋಡಿ ಮೀಸೆ ತಿರುವಿದ. ಗೋಡೆಯಾಚೆಯಿಂದ ಯಾರೂ ನೋಡುತ್ತಿರಲಿಲ್ಲ.

ಅವನ ಕೇಡಿಗೆ ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಕುಮಾರಸ್ವಾಮಿ ಟೈರಿನ ಗುಬ್ಬಿ ನೋಡಿ ಕೆಲಸ ಕೊಟ್ಟ, ಅಳತೆ ನೋಡಲಿಲ್ಲ. ಮಳೆ ಹಿಡಿದಿತ್ತು, ಹಾಡಿಗಳ ದಾರಿಯೆಲ್ಲ ಕೆಸರು. ಕೆಸರಿನಲ್ಲಿ ಚಕ್ರ ಜಾರುತ್ತದೆ. ಮುಂದಿನದು ಹಿಂದಿನದು ಒಂದು ಹಿಡಿ ಹೆಚ್ಚು ಕಮ್ಮಿ ತಿರುಗಿದರೂ ಆ ಜಾರಿಕೆಯಲ್ಲಿ ಕಳೆದುಹೋಗುತ್ತದೆ. ಲಸಿಕೆಯ ಐಸು ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ ನರ್ಸು ಭವ್ಯ, ಇಷ್ಟು ವರ್ಷದಲ್ಲಿ ಮಳೆಗಾಲದಲ್ಲಿ ಒಂದು ಹಾಡಿಯೂ ತಪ್ಪದೆ ಹೋದದ್ದು ಇದೇ ಮೊದಲು ಅಂದಳು. ಕುಮಾರಸ್ವಾಮಿ ಹೆಗಲು ತಟ್ಟಿದ. ಮಾದಣ್ಣ ರಾತ್ರಿ ಊಟಕ್ಕೆ ಕೂತಾಗ ಮಂಚಮ್ಮನಿಗೆ, "ನೋಡ್ದಾ? ಯಾವನ ಬಾಗ್ಲಿಗೂ ಓಗ್ನಿಲ್ಲ" ಅಂದ. ಅವಳು ಸಾರು ಬಡಿಸಿ ಒಳಗೆ ಹೋದಳು.

ಮಳೆ ಬಿಟ್ಟಿತು, ನೆಲ ಒಣಗಿ ಗಟ್ಟಿಯಾಯಿತು. ಆಗ ಜೀಪು ಗೊಣಗಲು ಶುರುಮಾಡಿತು. ಫೋರ್‌ವೀಲು ಹಾಕಿ ನಾಲ್ಕು ಮಾರು ಹೋದರೆ ಲಿವರ್ರು ಬಿಗಿದುಕೊಂಡು ವಾಪಸು ಬಾರದು. ಹಿಂದಕ್ಕೆ ಸ್ವಲ್ಪ ಓಡಿಸಿದರೆ ಟಕ್ ಅಂತ ಬಿಡುತ್ತಿತ್ತು. ಇದು ಯಾವ ಕಾಯಿಲೆಯ ಗುರುತು ಅಂತ ಮಾದಣ್ಣನ ಒಳಮನಸ್ಸಿಗೆ ಗೊತ್ತಿತ್ತು. ಆದರೂ ಇಳಿದು ಮತ್ತೆ ದಾರ ಹಿಡಿದ, ಗಂಟು ನೆಲ ಮುಟ್ಟಿದ್ದನ್ನು ಕಂಡು ಸಮಾಧಾನ ಮಾಡಿಕೊಂಡ. ದಾರ ಸುಳ್ಳು ಹೇಳುವುದಿಲ್ಲ ಅಂದುಕೊಂಡ. ಅವನಿಗೆ ಆ ಹೊತ್ತಿಗೆ ನಿಜಕ್ಕಿಂತ ದಾರವೇ ಹತ್ತಿರವಾಗಿತ್ತು.

ಒಂದು ಗುರುವಾರ ಕಾಡಂಚಿನ ಹಾಡಿಯೊಂದಕ್ಕೆ ಹತ್ತುವ ಬಂಡೆಯ ಏರು. ಭವ್ಯ ಪಕ್ಕದಲ್ಲಿದ್ದಳು. ಕೆಳಗಿನಿಂದಲೇ ಫೋರ್‌ವೀಲು ಹಾಕಿ ಮಾದಣ್ಣ ಏರಿಸಿದ. ಅರ್ಧಕ್ಕೆ ಬರುವಾಗ ಸೀಟಿನ ಕೆಳಗೆ ಏನೋ ನರಳಿದ ಸದ್ದು.

"ಏನದು ಮಾದಣ್ಣ?"

"ಹಳೇ ಗಾಡಿ ಕಣವ್ವ, ಗೊಣಗ್ತದ."

ಮತ್ತೆರಡು ಮಾರು ಹೋದ ಮೇಲೆ ಬಂಡೆ ಒಡೆದ ಹಾಗೆ ಒಂದು ಸದ್ದು. ಜೀಪು ಹಿಂದಕ್ಕೆ ಜಾರಿತು. ಬ್ರೇಕು ತುಳಿದು ನಿಲ್ಲಿಸಿ, ಮಾದಣ್ಣ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಗಾಡಿಯ ಹೊಟ್ಟೆಯಿಂದ ಕಪ್ಪು ಎಣ್ಣೆ ಬಂಡೆಯ ಮೇಲೆ ಹರಿದು ಬರುತ್ತಿತ್ತು. ಮೇಲಿನ ಹಾಡಿಯಲ್ಲಿ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕಾಯುತ್ತಿದ್ದರು. ಭವ್ಯ ಐಸು ಪೆಟ್ಟಿಗೆಯನ್ನು ಸೊಂಟಕ್ಕೇರಿಸಿಕೊಂಡು ಬಿಸಿಲಲ್ಲಿ ಏರು ಹತ್ತಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಮಾದಣ್ಣನಿಗೆ ಹಗುರವಾಗುತ್ತಿತ್ತು.

ಟ್ರಾಕ್ಟರಿಗೆ ಕಟ್ಟಿ ಜೀಪನ್ನು ಗುಂಡ್ಲುಪೇಟೆಗೆ ಎಳೆದು ತಂದರು. ಮೆಕ್ಯಾನಿಕ್ಕು ಗೋವಿಂದಯ್ಯ ಜೀಪಿನ ಅಡಿಗೆ ನುಗ್ಗಿ ಹೊರಬಂದು ಕೈ ಒರೆಸಿಕೊಂಡ. ನಾಲ್ಕು ಚಕ್ರಕ್ಕೂ ಎಳೆತ ಹಂಚುವ ಸಣ್ಣ ಗೇರ್‌ಬಾಕ್ಸು ಒಡೆದು ಹೋಳಾಗಿತ್ತು. ಅವನ ಕಣ್ಣು ಟೈರುಗಳ ಮೇಲೆ ಹೋಯಿತು.

"ಮುಂದ ಆರ್ನೂರು, ಹಿಂದ ಏಳ್ನೂರು. ಬುದ್ಧಿ ಅದಾ ನಿಂಗ?"

"ಗಾಳಿ ಬುಟ್ಟು ಎತ್ತರ ಸಮ ಮಾಡಿವ್ನಿ. ದಾರದಲ್ಲಿ ಅಳ್ದಿವ್ನಿ ಗೋವಿಂದಣ್ಣ."

ಗೋವಿಂದಯ್ಯ ಆ ದಾರವನ್ನೇ ಇಸಿದುಕೊಂಡು ಮುಂದಿನ ಟೈರಿನ ಮೈಸುತ್ತ ಹಿಡಿದ, ಆಮೇಲೆ ಹಿಂದಿನದರ ಸುತ್ತ ಹಿಡಿದ. ಹಿಂದಿನದಕ್ಕೆ ದಾರ ಗೇಣಿನಷ್ಟು ಸಾಲದೆ ಬಂತು.

"ಡೊಳ್ಳೊಟ್ಟೆಯೋನು ಕುಂತ್ಕಂಡ್ರ ಗಿಡ್ಡ ಕಾಣ್ತನ. ಅವನ ಉಡ್ದಾರ ಸಣ್ಣ ಆಯ್ತದಾ? ಗಾಳಿ ಬುಟ್ರ ಗಾಡಿ ತಗ್ಗಾಯ್ತದ ಕಣಪ್ಪ, ಟೈರಿನ ಸುತ್ತು ತಗ್ಗಲ್ಲ. ಕೆಸ್ರಲ್ಲಿ ಜಾರ್ಕಂಡು ಬದುಕ್ತು. ಗಟ್ಟಿ ನೆಲದಲ್ಲಿ ಮುಂದಿಂದು ಒಂದು ಕಡ, ಹಿಂದಿಂದು ಒಂದು ಕಡ ಎಳ್ಕಂಡು ನಡುವ ಇರೋದ್ನ ಮುರಿದಾಕ್ಬುಟ್ಟೊ."

ಮಾದಣ್ಣ ಅಲ್ಲೇ ಹಳೇ ಟೈರೊಂದರ ಮೇಲೆ ಕೂತ. ಇಷ್ಟು ವರ್ಷ ಗಾಳಿಯನ್ನು ಬೆರಳಲ್ಲಿ ಅಳೆದವನು, ಇಷ್ಟು ಸಣ್ಣದು ತಿಳಿಯಲಿಲ್ಲವಲ್ಲ ಅಂತ ಅವನಿಗೆ ಅಳು ಬಂತು. ತಿಳಿಯಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ತಿಳಿದುಕೊಂಡರೆ ಗೋಡೆಯಾಚೆ ಹೋಗಬೇಕಾಗುತ್ತಿತ್ತು.

ಆದರೂ ಎಲ್ಲ ಮುಳುಗಿರಲಿಲ್ಲ. ಗುಜರಿಯಲ್ಲಿ ಒಂದು ಗೇರ್‌ಬಾಕ್ಸು ಇದೆ, ಸಾಲವಾಗಿಯಾದರೂ ಕೂರಿಸುತ್ತೇನೆ ಅಂದ ಗೋವಿಂದಯ್ಯ. ಆದರೆ ನಾಲ್ಕೂ ಒಂದೇ ಅಳತೆಯ ಟೈರು ತಾರದೆ ಗಾಡಿಗೆ ಕೈ ಇಕ್ಕುವುದಿಲ್ಲ ಅಂತಲೂ ಹೇಳಿದ. ಕುಮಾರಸ್ವಾಮಿಯೂ ಒಳ್ಳೆಯವನೇ.

"ಎಂಟು ದಿನ ಕಾಯ್ತೀನಿ ಮಾದಣ್ಣ. ಅದಕ್ಕಿಂತ ಜಾಸ್ತಿ ಆಗಲ್ಲ. ಹಾಡಿ ಮಕ್ಕಳು ಕಾಯಬೇಕಾಗುತ್ತೆ" ಅಂದ.

ಬಸ್ಸಿನಲ್ಲಿ ಹರವೆಗೆ ಬರುವ ದಾರಿಯುದ್ದಕ್ಕೂ ಮಾದಣ್ಣ ಬಾಯೊಳಗೆ ಮಾತು ಜೋಡಿಸಿಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಬರಲಿ, ಬಂತಲ್ಲ. ಮಾರನೆಯ ಬೆಳಗ್ಗೆ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು, ಬೀದಿ ಸುತ್ತಿ ತಮ್ಮನ ಬಾಗಿಲಿಗೆ ಹೋದ. ಎರಡು ವರ್ಷದಲ್ಲಿ ಮೊದಲ ಸಲ.

ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅಂಗಳದಲ್ಲಿ ಗಾಡಿ ಕಲ್ಲಿನ ಮೇಲೆ ನಿಂತಿತ್ತು, ಅದಕ್ಕೆ ಚಕ್ರವೇ ಇರಲಿಲ್ಲ. ಎರಡು ಟೈರನ್ನೂ ತೊಳೆದು, ಗುಬ್ಬಿಯ ನಡುವಿನ ಮಣ್ಣು ಕೆರೆದು, ಗೋಡೆಗೆ ಒರಗಿಸಿಟ್ಟಿದ್ದರು. ಮಾದಣ್ಣನಿಗೆ ಅದು ಏನೆಂದು ಮೊದಲು ಅರ್ಥವಾಗಲಿಲ್ಲ. ರಾಜಣ್ಣ ಹೆಗಲ ಮೇಲೆ ಟವಲು ಹಾಕಿಕೊಂಡು ಒಳಗಿನಿಂದ ಬಂದು ಕಂಬ ಹಿಡಿದು ನಿಂತ.

"ಏನಣ್ಣ" ಅಂದ.

"ಎರಡು ಟೈರು ಬೇಕಾಗಿತ್ತು ಕಣ್ಲಾ. ಕೊಟ್ರ ಜೀಪು ಎದ್ದೇಳ್ತದ."

ಅಂದೇಬಿಟ್ಟಿದ್ದ. ಬೆವರು ಒರೆಸಿಕೊಂಡ.

"ತಕ್ಕಂಡೋಗು" ಅಂದ ರಾಜಣ್ಣ. "ಗುಂಡ್ಲುಪೇಟ ಕೆಲ್ಸ ಇಡ್ದಿದ್ದಯ ಅಂತ ಅವ್ವ ಏಳ್ದ ದಿನವೇ ಬಿಚ್ಚಿ ಮಡ್ಗಿವ್ನಿ. ಗೊಬ್ಬರಕ್ಕ ಬಾಡ್ಗ ಗಾಡಿ ಕಟ್ಕಂಡಿ. ನಿಂಗ ಏಳ್ಬ್ಯಾಡ ಅಂತ ಅವ್ವನ್ಗ ಅಂದಿದ್ದಿ."

"ಮತ್ಯಾಕ್ಲಾ ತಂದ್ಕೊಡ್ನಿಲ್ಲ?"

"ನೀನೇ ಬತ್ತಿಯ ಅಂತ ಕಾಯ್ತಿದ್ದಿ."

ಮಾದಣ್ಣ ಹೋಗಿ ಒಂದು ಟೈರಿನ ಮೇಲೆ ಕೈ ಇಟ್ಟ, ನಿಲ್ಲಿಸಿ ಉರುಳಿಸಲು ಹಿಡಿದ. ದೊಡ್ಡಮಾದಮ್ಮನ ಮುಖದಲ್ಲಿ ಬೆಳಕು ಬಂದಿತ್ತು. ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ, "ಕೂತ್ಕಳ್ಲಾ ಮಗ, ಒಂದ್ ಮುದ್ದ ಇಟ್ಟು ಉಂಡ್ಬುಟ್ಟು ಓಗು, ಇಬ್ರೂ ಕೂತ್ಕಳಿ" ಅಂದಳು. ರಾಜಣ್ಣ ನಕ್ಕ. ಅದು ಎದೆಯ ಭಾರ ಇಳಿದವನ ನಗೆ, ಅದರಲ್ಲಿ ಹಗೆ ಇರಲಿಲ್ಲ. ಆ ನಗೆಯಲ್ಲೇ ಅವ್ವನ ಕಡೆ ತಿರುಗಿ ಅಂದ:

"ನೋಡ್ದೇನವ್ವ? ಇದೇ ಬಾಗ್ಲಿಗ ಬಂದು ಕೈ ಒಡ್ತನ ಅಂತ ನಾ ಅವತ್ತೇ ಏಳ್ನಿಲ್ವಾ!"

ಮಾದಣ್ಣ ಟೈರಿನಿಂದ ಕೈ ತೆಗೆದ. ಅದು ತಾನಾಗಿ ಎರಡು ಸುತ್ತು ಉರುಳಿ ಚರಂಡಿಯ ಹತ್ತಿರ ಮಗ್ಗುಲಾಯಿತು. ಅವನು ಬಂದ ದಾರಿಯಲ್ಲೇ ಹೊರಟ. "ತಮಾಸೆಗ ಅಂದಿ ಕಣಣ್ಣ! ಲೋ ಅಣ್ಣ!" ಅಂತ ರಾಜಣ್ಣ ಬೀದಿಯ ತನಕ ಓಡಿ ಬಂದ. ಆಮೇಲೆ ಎರಡು ಟೈರನ್ನೂ ತಾನೇ ಉರುಳಿಸಿಕೊಂಡು ಬಂದು ಅಣ್ಣನ ಬಾಗಿಲಿಗೆ ಒರಗಿಸಿ ಹೋದ. ಮಂಚಮ್ಮ ಒಳಗೆ ತರಲು ಬಗ್ಗಿದಳು.

"ಅವ ಒಳಗ ಬಂದ್ರ ನಾನು ಆಚ್ಗ ಓಯ್ತಿನಿ" ಅಂದ ಮಾದಣ್ಣ.

ಇಬ್ಬರಲ್ಲಿ ಯಾರಿಗೆ ಬೈಯಬೇಕು? ನಾಲಿಗೆ ಹಿಡಿತವಿಲ್ಲದವನಿಗೋ, ಒಂದು ಮಾತು ನುಂಗಲಾರದವನಿಗೋ? ಇಬ್ಬರಿಗೂ ಬೈಯಬೇಕು. ತಿಂಗಳುಗಟ್ಟಲೆ ಗಾಡಿ ಕಲ್ಲಿನ ಮೇಲೆ ನಿಲ್ಲಿಸಿ ಕಾದವನು ಒಂದು ತಮಾಷೆ ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಕೇಳುವ ಕಷ್ಟವನ್ನೇ ದಾಟಿದವನು ಆ ಒಂದು ನಗೆಯನ್ನು ದಾಟಬಾರದಿತ್ತೇ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಊರಿನವರು ಎರಡು ದಿನ ಆಡಿಕೊಂಡು ಮರೆತರು. ಟೈರು ಬಾಗಿಲಾಚೆಯೇ ಬಿದ್ದಿರುವಾಗ ಎಂಟು ದಿನ ಕಳೆಯಿತು. ಕುಮಾರಸ್ವಾಮಿ ಗುಂಡ್ಲುಪೇಟೆಯ ಇನ್ನೊಬ್ಬನ ಜೀಪು ಹಿಡಿದ. ಗೋವಿಂದಯ್ಯನ ಶೆಡ್ಡಿನ ಹಿಂದೆ ನಿಂತಿದ್ದ ಮರಿಯಪ್ಪನ ಜೀಪನ್ನು ಗುಜರಿಯವನು ಬಿಚ್ಚಿ ತೂಕಕ್ಕೆ ಹಾಕಿಕೊಂಡು ಹೋದ. ಮಾದಣ್ಣ ಇನ್ನೊಬ್ಬರ ಟ್ರಾಕ್ಟರಿಗೆ ಕೂಲಿ ಡ್ರೈವರಾದ. ಟೈರಿಗೆ ಎಷ್ಟು ಗಾಳಿ ಇರಬೇಕು ಅಂತ ಈಗಲೂ ಯಾರಾದರೂ ಕೇಳಿದರೆ, ಅಂಗಡಿಯವನನ್ನು ಕೇಳು ಅನ್ನುತ್ತಾನೆ.

ಆ ತಿಂಗಳು ಮುಗಿದಾಗ ದೊಡ್ಡಮಾದಮ್ಮ ಸೀರೆಗಂಟು ಹಿಡಿದು ಬೀದಿಗೆ ಇಳಿದಳು. ಮಾದಣ್ಣನ ಬಾಗಿಲಿನ ಮುಂದೆ ನಿಂತಳು, ಒಳಗೆ ಹೋಗಲಿಲ್ಲ. ಪಾಲಿನ ದಿನ ಬಾಯಿ ಬಿಡದವಳು ಅವತ್ತು ಎರಡು ಮನೆಗೂ ಕೇಳುವ ಹಾಗೆ ಹೇಳಿದಳು.

"ಟೈರು ನಾಕಿದ್ದೊ, ಎರಡೆರಡು ಮಾಡ್ಕಂಡ್ರಿ. ನಾನು ಒಬ್ಳೇ ಇವ್ನಿ ಕಣ್ರಪ್ಪ, ಇನ್ನು ನನ್ ಕೈಲಿ ಆಗಲ್ಲ."

ಬಸ್ಸು ಹತ್ತಿ ಹರದನಹಳ್ಳಿಯ ತನ್ನ ತಮ್ಮನ ಮನೆಗೆ ಹೋದಳು. ಮಕ್ಕಳಿಬ್ಬರೂ ಕರೆದುಕೊಂಡು ಬರಲು ಹೋದರು. ಇವನೊಂದು ವಾರ, ಅವನೊಂದು ವಾರ. ಅವಳು ಬಂದವನಿಗೆ ಉಣ್ಣಲಿಕ್ಕಿ, ತಲೆ ಸವರಿ, ಒಂದೇ ಮಾತು ಹೇಳಿ ಕಳಿಸುತ್ತಿದ್ದಳು: "ಇಬ್ರೂ ಒಟ್ಗ ಬನ್ನಿ, ಬತ್ತಿನಿ." ಮೂರು ವರ್ಷ ಹಾಗೇ ಹೇಳಿದಳು. ಕೊನೆಗೆ ಒಂದು ಮಾಗಿಯ ಬೆಳಗ್ಗೆ ಇಬ್ಬರೂ ಒಂದೇ ಬಾಡಿಗೆ ಟೆಂಪೋದಲ್ಲಿ ಹರದನಹಳ್ಳಿಗೆ ಹೋದರು, ಮಾದಣ್ಣ ಡ್ರೈವರಿನ ಪಕ್ಕ, ರಾಜಣ್ಣ ಹಿಂದುಗಡೆ. ಅವ್ವನ ಹೆಣ ತರಲು ಹೋದರು.